ಖಾಜಿಯವರು ಕುಡಿಯದ ನೀರು

ಸಾನಿಯಾ, ಇಮ್ರಾನ್, ಗಾವಡಗೆರೆಗೆ ಬಂದ ಮೊದಲ ದಿನ ನಿಮ್ಮ ನಾನಿಯಾದ ನಾನು ಮುದ್ದೆಯನ್ನು ಅಗಿದೆ. ಬಡಿಸುತ್ತಿದ್ದ ಮನೆಯೊಡತಿ ಪುಟ್ಟಮ್ಮ ಹೌಹಾರಿದರು.

"ಅಗೀಬ್ಯಾಡಿ ಬೂಬಮ್ಮ, ನುಂಗಿ!" ಮುಸಲ್ಮಾನ ಹೆಂಗಸರನ್ನು ಇಲ್ಲಿ ಕರೆಯುವುದೇ ಬೂಬಮ್ಮ ಎಂದು.

ವಿಜಯಪುರದ ಕಡೆ ನಮ್ಮೂರಿನಲ್ಲಿ ಕಟಕ್ ರೊಟ್ಟಿ ಅಗಿಯುವ ಸದ್ದೇ ಊಟದ ಸದ್ದು. ಇಲ್ಲಿ ಊಟಕ್ಕೆ ಸದ್ದೇ ಇಲ್ಲ. ನನ್ನವರು, ನಿಮ್ಮ ನಾನಾ, ತೀರಿಕೊಂಡ ಮೇಲೆ, ಇಲ್ಲಿನ ಶಾಲೆಯಲ್ಲಿ ಕೆಲಸ ಸಿಕ್ಕ ನನ್ನ ಮಗಳು, ನಿಮ್ಮ ಖಾಲಾ ಜರೀನಾಳ ಜೊತೆ ಬಂದೆ. ನಮ್ಮ ಹೆಸರು ಕೇಳಿದೊಡನೆ ಹಲವರು ಮನೆ ಇಲ್ಲವೆಂದರು. ಬೀಗದ ಕೈ ಕೊಟ್ಟವರು ಪುಟ್ಟಮ್ಮ ಒಬ್ಬರೇ. ಬೆಳಗಿನ ಕಾಫಿ ಅವರ ಜಗಲಿಯಲ್ಲೇ ಆಗುತ್ತಿತ್ತು.

ಒಂದು ಬೆಳಿಗ್ಗೆ ನಲ್ಲಿಗೆ ಕೊಡ ಹಿಡಿದು ನಿಂತಿದ್ದೆ. ಪುಟ್ಟಮ್ಮ ಗಡಿಕಲ್ಲನ್ನು ಹಾರೆಯಿಂದ ಮೀಟಿ, ಮೈದುನ ಜವರಪ್ಪನ ಹಿತ್ತಲಿನೊಳಕ್ಕೆ ಎರಡು ಗೇಣು ಸರಿಸಿದ್ದನ್ನು ಕಂಡೆ. ಸಂಜೆಗೆ ಜಗಳ ಬಿತ್ತು.

"ಬೂಬಮ್ಮ ನಲ್ಲಿತಾವ ಇದ್ರು, ಅವರ್ನೇ ಕೇಳ್ರಿ," ಎಂದ ಜವರಪ್ಪ. ಭಾನುವಾರ ಹಾಲಿನ ಡೈರಿ ಜಗಲಿಯಲ್ಲಿ ಊರ ಯಜಮಾನರ ಮುಂದೆ ನಾನು ಹೇಳಬೇಕೆಂದಾಯಿತು.

"ನಡುವರ್ಷದಲ್ಲಿ ಮನೆ ಬಿಡಿಸಿದರೆ ಎಲ್ಲಿಗೆ ಹೋಗೋಣ ಅಮ್ಮೀ?" ಎಂದಳು ಜರೀನಾ.

ನಿಮ್ಮ ನಾನಾ ಅವರ ವಂಶದ ಹಿರಿಯರೊಬ್ಬರು ಸುಲ್ತಾನರ ಕಾಲದ ಖಾಜಿ, ಅಂದರೆ ಶಾಸ್ತ್ರ ಓದಿ ನ್ಯಾಯ ಹೇಳುವವರು. ನನ್ನ ಅತ್ತೆ ಹೇಳುತ್ತಿದ್ದಂತೆ, ಹಡಗಿನಲ್ಲಿ ಬಂದ ಪರದೇಶಿ. ಕಿತಾಬಿನ ಪೆಟ್ಟಿಗೆ ಬಿಟ್ಟರೆ ಏನೂ ಇರಲಿಲ್ಲ. ಕುದುರೆ ವ್ಯಾಪಾರಿಯೊಬ್ಬ ಮನೆ ಕೊಟ್ಟು ಊಟ ಹಾಕಿದ. ಮಕ್ಕಳಿಗೆ ಪಾಠ ಹೇಳಿಕೊಂಡಿದ್ದವರ ಓದನ್ನು ಕಂಡು ಸುಲ್ತಾನರು ಖಾಜಿ ಮಾಡಿದರು. ಮುಂದೆ ನೇಕಾರರ ವಿಧವೆಯೊಬ್ಬಳು, ಅದೇ ವ್ಯಾಪಾರಿ ತನ್ನ ಬಾವಿ ಕಸಿದನೆಂದು ದೂರು ತಂದಳು. ಅಂದಿನಿಂದ ಖಾಜಿಯವರು ವ್ಯಾಪಾರಿಯ ಮನೆಯ ನೀರೂ ಕುಡಿಯಲಿಲ್ಲ. ತೀರ್ಪಿನ ದಿನ ಗಂಟು ಕಟ್ಟಿಟ್ಟು ಹೋಗಿ ವಿಧವೆಯ ಪರ ತೀರ್ಪು ಹೇಳಿದರು. ಸಂಜೆ ಪೆಟ್ಟಿಗೆ ಹೊತ್ತು ವ್ಯಾಪಾರಿ ಕೊಟ್ಟ ಮನೆ ಬಿಟ್ಟರು. ಅದಕ್ಕೇ ನಮ್ಮ ಮನೆತನದಲ್ಲಿ ಸಾಕ್ಷಿ ಹೇಳಬೇಕಾದವರು, ನ್ಯಾಯ ಮುಗಿಯುವ ತನಕ ಎರಡೂ ಕಡೆಯವರ ಮನೆಯಲ್ಲಿ ಏನನ್ನೂ ಮುಟ್ಟುವುದಿಲ್ಲ.

ನಾನೂ ಪುಟ್ಟಮ್ಮನ ಕಾಫಿ ಬೇಡವೆಂದೆ. ಸಂಕೋಚಪಟ್ಟು ಕಾರಣ ಹೇಳಲಿಲ್ಲ. ಅದೇ ತಪ್ಪಾಯಿತು. ಮೂರನೆಯ ದಿನ ಅವರು ಬೀದಿಗೆ ಕೇಳುವಂತೆ ಅಂದರು:

"ಮೊನ್ನೆಗಂಟ ಮುದ್ದೆ ಉಂಡೋರ್ಗೆ ಇವತ್ತು ನಮ್ಮನೆ ಕಾಪಿ ಆಗಾಕಿಲ್ವಾ? ಮನೆ ಕೊಡ್ಬ್ಯಾಡ ಅಂತ ಎಲ್ರೂ ಬಡ್ಕೊಂಡ್ರು ಕಣಮ್ಮಾ!"

"ಹಂಗಲ್ರೀ ಯವ್ವಾ, ಐತವಾರ ಆಗ್ಲಿ," ಎಂದಷ್ಟೇ ಅಂದೆ.

ಭಾನುವಾರ ಬಟ್ಟೆಯ ಗಂಟು ಕಟ್ಟಿಟ್ಟು ಹೋದೆ. "ಕಲ್ಲು ಸರಿಸಿದ್ದು ಪುಟ್ಟಮ್ಮನವರೇ ರೀ. ನಾ ಕಣ್ಣಾರೆ ನೋಡೀನಿ," ಎಂದೆ. ನೆಲ ನೋಡುತ್ತಲೇ ಖಾಜಿಯವರ ಕಥೆಯನ್ನೂ ಹೇಳಿದೆ. ಕಲ್ಲು ಮೊದಲಿನ ಜಾಗಕ್ಕೇ ಹೋಗಬೇಕೆಂದು ಯಜಮಾನರು ಹೇಳಿದೊಡನೆ ಪುಟ್ಟಮ್ಮ ಎದ್ದು ಹೋದರು.

ಮನೆಗೆ ಬಂದು ಗಂಟನ್ನು ತೊಡೆಯ ಮೇಲಿಟ್ಟುಕೊಂಡು ಕೂತೆ. ಬಹಳ ಹೊತ್ತಿನ ಮೇಲೆ ಪುಟ್ಟಮ್ಮ ಕಾಫಿಯ ಲೋಟ ಹಿಡಿದು ಬಂದರು. ಮುಖದಲ್ಲಿ ನಗುವಿರಲಿಲ್ಲ.

"ನ್ಯಾಯ ಮುಗೀತಲ್ಲ, ಈಗಾರ ಕುಡೀರಿ. ನಿಮ್ಮ ಖಾಜಿ ಮನೆ ಬುಟ್ಟೋದ್ರು ಅಂತ ನೀವೂ ಒಂಟೋಯ್ತೀರಾ?"

ಕುಡಿದೆ. ಗಂಟನ್ನು ಅರ್ಧ ಬಿಚ್ಚಿದೆ. ಇಳಕಲ್ ಸೀರೆಗಳು ಇನ್ನೂ ಅದರೊಳಗೇ ಇವೆ. ಈಗ ಮುದ್ದೆ ನುಂಗಲು ಬರುತ್ತದೆ, ಆದರೂ ಊಟದ ಹೊತ್ತಿಗೆ ಕಿವಿ ರೊಟ್ಟಿಯ ಸದ್ದಿಗೆ ಕಾಯುತ್ತದೆ.

ಖಾಜಿಯವರ ಕಿತಾಬುಗಳನ್ನು ಗೆದ್ದಲು ತಿಂದಿತು. ಅವರ ಕಥೆ ಇರುವುದು ನಾನು ಬರೆದ ಈ ಹಾಳೆಗಳಲ್ಲಿ ಮಾತ್ರ. ಮಕ್ಕಳೇ, ಇವನ್ನು ಜೋಪಾನವಾಗಿಡಿ.