ಪಂಖಾ ಎಳೆದ ಕಾಲು

ದೆವ್ವ, ಆತ್ಮ ಎಂದು ಯಾರಾದರೂ ಶುರುಮಾಡಿದರೆ ನಕ್ಕು ಎದ್ದು ಹೋಗುತ್ತಿದ್ದವಳು ನಾನು. ಈಗಲೂ ನಂಬುತ್ತೇನೆಂದು ಹೇಳಲಾರೆ. ನಗುವುದನ್ನು ಮಾತ್ರ ಬಿಟ್ಟಿದ್ದೇನೆ.

ಎರಡು ಸಾವಿರದ ದಶಕದ ಮೊದಲ ವರ್ಷಗಳು. ದೆಹಲಿಯಲ್ಲಿ ಎಂ.ಎ. ಓದುತ್ತಾ ಲೋಧಿ ಕಾಲೋನಿಯಲ್ಲಿ ಅಪ್ಪನ ತಮ್ಮ ಕಾಕಾ ಅವರ ಸರ್ಕಾರಿ ಕ್ವಾರ್ಟರ್ಸಿನಲ್ಲಿದ್ದೆ. ನಮ್ಮ ಅಡ್ಡಹೆಸರು ಬೀಸಣಿಕಿ. ಹಿರಿಯರು ಗುಡಿಯಲ್ಲಿ ದೇವರಿಗೆ ಚಾಮರ ಬೀಸುತ್ತಿದ್ದರಂತೆ. ಕಾಕಾ ಹಾಗೆಂದು ಹೆಮ್ಮೆಪಡುತ್ತಿದ್ದರು. ಧಾರವಾಡದ ಅಜ್ಜಿ ಹೇಳುತ್ತಿದ್ದುದೇ ಬೇರೆ. ಆಕೆಯ ಗಂಡನ ಅಜ್ಜ ಬ್ರಿಟಿಷ್ ಸಾಹೇಬನೊಬ್ಬನ ಮನೆಯಲ್ಲಿ, ಹಗ್ಗವನ್ನು ಕಾಲಿಗೆ ಕಟ್ಟಿಕೊಂಡು, ಸೂರಿನಿಂದ ತೂಗುವ ದೊಡ್ಡ ಬಟ್ಟೆಯ ಪಂಖಾವನ್ನು ಹಗಲಿಡೀ ಎಳೆಯುತ್ತಿದ್ದನಂತೆ. ಸಾಹೇಬನಿಗೆ ದೆಹಲಿಗೆ ವರ್ಗವಾದಾಗ ಜೊತೆಗೆ ಹೋದವನು ತಿರುಗಿ ಬರಲಿಲ್ಲ.

"ನಿನ್ನ ತಂಗಿಯ ಮದುವೆ ಮಾತುಕತೆ ನಡೆದಿದೆ. ಆಳಿನ ವಂಶ ಅಂತ ಊರಿಗೆಲ್ಲ ಸಾರಬೇಡವ್ವಾ," ಎಂದು ಕಾಕಾ ನನ್ನನ್ನು ಬೇಡಿಕೊಂಡಿದ್ದರು.

ಸಿವಿಲ್ ಲೈನ್ಸಿನಲ್ಲಿ ಸಾಹೇಬರ ಕಾಲದ ಬಂಗಲೆಯೊಂದನ್ನು ಕೆಡವುತ್ತಾರೆಂದು ಕೇಳಿ, ಜೂನ್ ತಿಂಗಳ ಒಂದು ಮಧ್ಯಾಹ್ನ ನೋಡಲು ಹೊರಟೆ. ಒಬ್ಬಳನ್ನೇ ಕಳಿಸಲು ಮನಸ್ಸಾಗದೆ ಕಾಕಾ ಕೂಡ ಬಂದರು. ಅದೇ ಸಾಹೇಬನ ಮನೆಯೆಂದು ಯಾರೂ ಹೇಳಿರಲಿಲ್ಲ. ಹಜಾರದ ಸೂರಿನಲ್ಲಿ ಪಂಖಾದ ಕೊಕ್ಕೆಗಳಷ್ಟೇ ಉಳಿದಿದ್ದವು. ಗೋಡೆಯಲ್ಲಿ, ಹಿಂದಿನ ವರಾಂಡದಲ್ಲಿ ಕೂರುವ ಆಳಿನತ್ತ ಹಗ್ಗ ಹಾಯಲು ಮಾಡಿದ್ದ ತೂತು. ಕಾಕಾ ಬೆವರೊರೆಸುತ್ತಾ ಮುರುಕು ಆರಾಮಕುರ್ಚಿಯಲ್ಲಿ ಒರಗಿದರು. ನಾನು ಹಿಂದಿನ ವರಾಂಡಕ್ಕೆ ಹೋಗಿ, ಆ ತೂತಿನ ಕೆಳಗೆ ಕಾಲು ಚಾಚಿ ಕೂತೆ.

ಹೊರಗೆ ಬೇವಿನ ಒಂದು ಎಲೆಯೂ ಅಲುಗುತ್ತಿರಲಿಲ್ಲ.

"ಅಚ್ಛಾ! ಎಂಥ ತಂಪು ಗಾಳಿ!" ಒಳಗಿನಿಂದ ಕಾಕಾ ಅಂದರು.

ಆಗ ನೋಡಿದೆ. ನನ್ನ ಬಲಗಾಲು ತಾನಾಗಿ ಏಳುತ್ತಾ ಇಳಿಯುತ್ತಾ ಇತ್ತು. ತಡೆಯಲು ಹೋದೆ, ನಿಲ್ಲಲಿಲ್ಲ. ಎರಡೂ ಕೈಯಿಂದ ಮೊಣಕಾಲನ್ನು ಅದುಮಿದೆ. ಯಾರೋ ಜಗ್ಗಿದಂತೆ ಮತ್ತೆ ಎದ್ದಿತು. ತೊಡೆ ಸೋತು ಕಾಲು ನಿಧಾನವಾಯಿತು.

"ಖೀಂಚೋ!"

ಎಳೆ ಎಂದು ಹಿಂದಿಯಲ್ಲಿ ಗದರಿದ್ದು ಕಾಕಾ ಅವರದೇ ದನಿ. ಮನೆಯಲ್ಲಿ ಒಮ್ಮೆಯೂ ಯಾರನ್ನೂ ಗದರದವರು. ನನ್ನ ಕಾಲು ಹೆದರಿದಂತೆ ಚುರುಕಾಯಿತು.

ಎಷ್ಟು ಹೊತ್ತು ಹಾಗೆ ನಡೆಯಿತೋ ತಿಳಿಯದು. ಅಳುತ್ತಾ ಪಕ್ಕಕ್ಕೆ ಉರುಳಿ ಮೆಟ್ಟಿಲ ಮೇಲೆ ಬಿದ್ದ ಮೇಲೇ ಅದು ನಿಂತದ್ದು. ಕುಂಟುತ್ತಾ ಒಳಗೆ ಹೋದೆ. ಕಾಕಾ ಆಗತಾನೇ ಕಣ್ಣುಬಿಟ್ಟಿದ್ದರು. ಅವರ ಅಂಗಿಯಲ್ಲಿ ಬೆವರಿನ ಪಸೆಯೇ ಇರಲಿಲ್ಲ.

"ಇಷ್ಟು ಸುಖವಾಗಿ ನಿದ್ದೆ ಮಾಡಿ ಎಷ್ಟು ವರ್ಷ ಆಗಿತ್ತೋ... ಯಾಕವ್ವಾ, ಅಳುತ್ತಿದ್ದೀಯಾ?"

"ಬಿದ್ದೆ," ಎಂದೆ.

ಅವರು ಗಾಬರಿಯಿಂದ ನೆಲಕ್ಕೆ ಕೂತು, ನನ್ನ ಪಾದವನ್ನು ತೊಡೆಯ ಮೇಲಿಟ್ಟುಕೊಂಡು ಮೆಲ್ಲಗೆ ತಿಕ್ಕತೊಡಗಿದರು. ನಾನು ಅವರ ಮುಖ ನೋಡಲಿಲ್ಲ. ಕುರ್ಚಿಯಲ್ಲಿ ಕೂತು ಹಾಗೆ ಗದರಿದ್ದು ಯಾರೆಂದು ಅವರನ್ನು ಕೇಳಲು ನನಗೆ ಇಂದಿಗೂ ಧೈರ್ಯವಾಗಿಲ್ಲ.