ಆ ಅಂಗಳದ ಎರಡನೇ ದನಿ

ನಂಬುವುದಾದರೆ ನಂಬಿ, ಇಲ್ಲವಾದರೆ ಬಿಡಿ. ನನ್ನ ಮಗಳೇ ನಂಬಿಲ್ಲ. "ಪಪ್ಪಾ, ಯು ವರಿ ಟೂ ಮಚ್" ಎಂದು ತನ್ನ ಕೋಣೆಯ ಬಾಗಿಲು ಹಾಕಿಕೊಂಡಳು. ಆದರೆ ಇದರಲ್ಲಿ ಒಂದಕ್ಷರವನ್ನೂ ನಾನು ಸೇರಿಸಿಲ್ಲ. ಸೇರಿಸುವಷ್ಟು ಧೈರ್ಯ ನನಗಿಲ್ಲ.

ಆಗ ನಾನು ಸ್ವೀಡನ್ನಿನ ಟ್ರೋಲ್‌ಹೆಟ್ಟನ್‌ನಲ್ಲಿದ್ದೆ. 2013ರ ನವೆಂಬರ್. ವಿಮಾನದ ಎಂಜಿನ್ನಿನ ಭಾಗಗಳಲ್ಲಿ ಬಿರುಕು ಇದೆಯೇ ಎಂದು ನೋಡುವುದು ನನ್ನ ಉದ್ಯೋಗ. ಆಫೀಸಿನಲ್ಲಿ ಅದಕ್ಕೆ ಸಂಬಳ ಕೊಡುತ್ತಾರೆ. ಮನೆಯಲ್ಲಿ ಅದೇ ಕೆಲಸವನ್ನು ಪುಕ್ಕಟೆ ಮಾಡುತ್ತೇನೆ. ಸ್ಟವ್ ಆರಿಸಿದೆನೇ, ಬೀಗ ಬಿದ್ದಿದೆಯೇ, ಮಗಳು ಕೆಮ್ಮಿದ್ದು ಯಾಕೆ...

ನನ್ನಂಥವನನ್ನು ಸಹಿಸಿಕೊಂಡಿದ್ದ ಒಬ್ಬನೇ ಗೆಳೆಯ ಮಂಜು. ಮೈಸೂರಿನವನು, ಪಕ್ಕದ ಮೇಜಿನವನು. ನಾನು ದಾವಣಗೆರೆಯ ಇಕ್ಬಾಲ್. ಇಬ್ಬರಿಗೂ ಹಳೇ ಊರುಗಳ ಹುಚ್ಚು. ಫ್ರಾನ್ಸಿನ ನಾರ್ಮಂಡಿಯಲ್ಲಿ ರೂಆನ್ ಎಂಬ ಪುರಾತನ ನಗರವಿದೆ. ಅಲ್ಲಿ ಗೈಡ್ ಬೇಕಿಲ್ಲ. ಫೋನಿಗೆ ಇಳಿಸಿಕೊಂಡ ಒಂದು ಧ್ವನಿ 'ಎಡಕ್ಕೆ ತಿರುಗಿ, ತಲೆ ಎತ್ತಿ ನೋಡಿ' ಎನ್ನುತ್ತಾ ಓಣಿ ಓಣಿ ಸುತ್ತಿಸುತ್ತದೆ. ದೊಡ್ಡ ಚರ್ಚು, ಬೀದಿಗೆ ಅಡ್ಡಲಾಗಿ ಕಟ್ಟಿದ ಗಡಿಯಾರ, ಕೊನೆಗೆ ಪ್ಲೇಗಿನಲ್ಲಿ ಸತ್ತವರನ್ನು ಹೂಳುತ್ತಿದ್ದ ಒಂದು ಅಂಗಳ. ಅದರ ಸುತ್ತಲಿನ ಮರದ ತೊಲೆಗಳ ಮೇಲೆಲ್ಲ ತಲೆಬುರುಡೆ, ಮೂಳೆಗಳ ಕೆತ್ತನೆ. ಹೋದರೆ ಇಬ್ಬರೂ ಒಟ್ಟಿಗೇ ಹೋಗುವುದೆಂದು ಒಂದು ವರ್ಷದಿಂದ ಮಾತಾಗಿತ್ತು.

ಹೊರಡಲು ವಾರವಿದೆ ಎನ್ನುವಾಗ ನಾನು ಸಿಕ್ಕಿಹಾಕಿಕೊಂಡೆ. ನನ್ನ ರೆಸಿಡೆನ್ಸ್ ಪರ್ಮಿಟ್ ನವೀಕರಣ ಇನ್ನೂ ಬಂದಿರಲಿಲ್ಲ. ಅದಿಲ್ಲದೆ ದೇಶ ಬಿಟ್ಟರೆ ವಾಪಸ್ ಒಳಗೆ ಬರುವುದು ಕಷ್ಟ.

"ಹಂಗಾದ್ರೆ ನಂದೂ ಕ್ಯಾನ್ಸಲ್" ಎಂದ ಮಂಜು. "ನಿನ್ನ ಬಿಟ್ಟು ನಾನೊಬ್ನೇ ಹೋಗ್ತೀನಾ ಗುರು? ಹೆಂಗೂ ಗೋಥೆನ್‌ಬರ್ಗಲ್ಲಿ ಒಂದು ಟ್ರೈನಿಂಗ್ ಇದೆ, ಅದನ್ನೇ ಮುಗಿಸ್ಕೊಂಡು ಬರ್ತೀನಿ."

ಆ ರಾತ್ರಿ ನನಗೆ ಕಣ್ಣು ತುಂಬಿತ್ತು. ಪರದೇಶದಲ್ಲಿ ಇಂಥ ಗೆಳೆಯ ಯಾರಿಗೆ ಸಿಗುತ್ತಾನೆ!

ಅವನು ಹೊರಟ ಮೇಲೆ ನಾನೊಂದು ಕೆಲಸ ಶುರುಮಾಡಿದೆ. ನಗಬೇಡಿ. ಮುಂದಿನ ವರ್ಷ ಹೋದಾಗ ದಾರಿ ತಪ್ಪಬಾರದೆಂದು, ರೂಆನ್‌ನ ಧ್ವನಿಯನ್ನು ಕಿವಿಗೆ ಹಾಕಿಕೊಂಡು ಟ್ರೋಲ್‌ಹೆಟ್ಟನ್‌ನಲ್ಲೇ ನಡೆದು ಅಭ್ಯಾಸ ಮಾಡತೊಡಗಿದೆ. ಧ್ವನಿ ಎಡಕ್ಕೆ ಎಂದರೆ ಎಡಕ್ಕೆ. ಚರ್ಚು ನೋಡಿ ಎಂದಲ್ಲಿ ಸೂಪರ್ ಮಾರ್ಕೆಟ್ಟನ್ನು ನೋಡುತ್ತಿದ್ದೆ.

ಆ ಶನಿವಾರ, ಸಂಜೆಯೇ. ಆದರೆ ಅಲ್ಲಿ ನವೆಂಬರಿನ ಸಂಜೆ ಎಂದರೆ ಕಗ್ಗತ್ತಲೆ. ಧ್ವನಿಯ ಮಾತು ಕೇಳುತ್ತಾ ಹಳೆಯ ಕಾಲುವೆಯ ಕಲ್ಲುಕಟ್ಟೆಯವರೆಗೆ ಬಂದುಬಿಟ್ಟಿದ್ದೆ. ಸುತ್ತ ನರಪಿಳ್ಳೆಯಿಲ್ಲ. ನೆಲ ಹೆಪ್ಪುಗಟ್ಟಿ ಕಲ್ಲಾಗಿತ್ತು. ಎದುರಿಗೆ ತೆರೆದಿದ್ದ ಒಂದು ಕಬ್ಬಿಣದ ಗೇಟು.

"ಈಗ ಕಿರಿದಾದ ದಾರಿಯಲ್ಲಿ ಬಂದು ಅಂಗಳದ ಬಾಗಿಲಲ್ಲಿ ನಿಲ್ಲಿ" ಎಂದಿತು ಧ್ವನಿ, ಇಂಗ್ಲಿಷಿನಲ್ಲಿ.

ನಾನು ಗೇಟಿನಲ್ಲಿ ನಿಂತೆ.

ಧ್ವನಿ ಮುಂದುವರಿಯಲಿಲ್ಲ... ಫೋನ್ ಕೆಟ್ಟಿತೇನೋ ಎಂದುಕೊಂಡೆ. ಅಷ್ಟರಲ್ಲಿ ಕಿವಿಯೊಳಗೆ ಜಲ್ಲಿಕಲ್ಲಿನ ಮೇಲೆ ಬೂಟು ಹೆಜ್ಜೆ. ಕರಕ್... ಕರಕ್... ಎಲ್ಲೋ ನೀರು ತೊಟ್ಟಿಕ್ಕುವ ಸದ್ದು. ಜೊತೆಗೇ ಮೂಗಿಗೆ ಒಂದು ವಾಸನೆ ಬಡಿಯಿತು: ನೆನೆದ ಹಳೇ ಮರದ್ದು, ಆಗಷ್ಟೇ ಅಗೆದ ಹಸಿಮಣ್ಣಿನದು. ಹಾರೆ ಹಾಕಿದರೂ ಏಳದ ಆ ನೆಲದಲ್ಲಿ ಹಸಿಮಣ್ಣು ಎಲ್ಲಿಂದ ಬರಬೇಕು?

ಆಮೇಲೆ ಯಾರೋ ನಕ್ಕರು. ಮೂಗಿನಲ್ಲಿ ಶುರುವಾಗಿ ಕೆಮ್ಮಿನಲ್ಲಿ ಮುಗಿಯುವ ನಗು. ಮಂಜು!

"ಅವ್ನು ಬಂದಿದ್ರೆ ಈ ಬುರುಡೆ ಎಲ್ಲಿ ನೋಡ್ತಿದ್ದ? ಪಾಸ್‌ಪೋರ್ಟ್ ಇದ್ಯಾ ಅಂತ ಜೇಬು ತಡಕೋದ್ರಲ್ಲೇ ಸಂಜೆ ಆಗೋಗ್ತಿತ್ತು. ಅವ್ನ ಪರ್ಮಿಟ್ ಬರ್ದಿದ್ದೇ ಒಳ್ಳೇದಾಯ್ತು ಬಿಡು."

ನನ್ನ ಕೈ ಆಗ ಜೇಬಿನಲ್ಲೇ ಇತ್ತು. ಪಾಸ್‌ಪೋರ್ಟಿನ ಮೇಲೆ.

ಎದೆ ಹೊಡೆದುಕೊಳ್ಳುವುದಕ್ಕೂ ಸಮಯ ಸಿಗಲಿಲ್ಲ. ಇನ್ನೊಂದು ದನಿ ಕೇಳಿಸಿತು. ಮುದಿ ದನಿ, ಪಿಸುಮಾತು, ಅಪ್ಪಟ ನಮ್ಮೂರ ಕಡೆಯ ಮಾತು.

"ಮೆಲ್ಲಗ ಮಾತಾಡಪಾ... ಬಾಗ್ಲಾಗೇ ನಿಂತಾನ. ಕೇಳಸ್ತೈತಿ."

ನಂತರ ಇಂಗ್ಲಿಷ್ ಧ್ವನಿ ಏನೂ ಆಗಿಲ್ಲವೆಂಬಂತೆ "ಈಗ ರಸ್ತೆ ದಾಟಿ" ಎಂದಿತು. ನಾನು ರಸ್ತೆ ದಾಟಲಿಲ್ಲ. ಓಡಿದೆ. ಮನೆಗೆ ಬಂದು ಎಲ್ಲ ದೀಪ ಹಾಕಿ ಅದೇ ಭಾಗವನ್ನು ಮತ್ತೆ ಮತ್ತೆ ಹಾಕಿ ಕೇಳಿದೆ. ಬರೀ ಇಂಗ್ಲಿಷ್ ಧ್ವನಿ. ನಗುವಿಲ್ಲ, ಹೆಜ್ಜೆಯಿಲ್ಲ.

ಸೋಮವಾರ ಫೀಕಾ ಹೊತ್ತಿಗೆ, ಅಂದರೆ ಅಲ್ಲಿನ ಕಾಫಿ ಬಿಡುವಿಗೆ, ಮಂಜು ಎದುರು ಬಂದು ಕುಳಿತ.

"ಟ್ರೈನಿಂಗ್ ಹೆಂಗಿತ್ತೋ?"

"ಸಖತ್ ಬೋರು ಗುರು. ನೀನ್ ಬರ್ದೇ ಇದ್ದಿದ್ದು ಒಳ್ಳೇದಾಯ್ತು."

"ಹೌದು, ಆ ಬುರುಡೆಗಳ ಮುಂದೆ ನಿಂತೂ ಹಂಗೇ ಅಂದೆ."

ಅವನ ಬಾಯಲ್ಲಿದ್ದ ಬನ್ನು ಹಾಗೇ ನಿಂತಿತು. ಜೇಬು ತಡಕುವ ಮಾತನ್ನು ಅಕ್ಷರ ಬಿಡದೆ ಒಪ್ಪಿಸಿದೆ. ಅವನ ಮುಖ ಕೆಂಪಾಯಿತು, ಕಣ್ಣು ಮೇಜಿಗಿಳಿಯಿತು.

"ಟಿಕೆಟ್ ವೇಸ್ಟ್ ಆಗ್ತಿತ್ತು... ನಿಂಗೆ ಬೇಜಾರಾಗ್ಬಾರ್ದು ಅಂತ ಹೇಳ್ಲಿಲ್ಲ, ಅಷ್ಟೇ."

"ಜೊತೇಲಿ ಯಾರಿದ್ರು?"

"ಒಬ್ನೇ ಹೋಗಿದ್ದೆ. ದೇವ್ರಾಣೆ. ನನ್ನಷ್ಟಕ್ಕೆ ನಾನೇ ಮಾತಾಡ್ಕೊಂಡಿದ್ದು ಅದು."

"ಮತ್ತೆ, 'ಮೆಲ್ಲಗ ಮಾತಾಡಪಾ' ಅಂದಿದ್ದು?"

ಕೆಂಪಾಗಿದ್ದ ಮುಖದಿಂದ ರಕ್ತವೆಲ್ಲ ಇಳಿದುಹೋಯಿತು.

"ಅದು... ನಿಂಗೂ ಕೇಳಿಸ್ತಾ?"

ಕಾಫಿ ಯಂತ್ರ ಗುರುಗುಡುತ್ತಿತ್ತು.

"ತಿರುಗಿ ನೋಡಿದ್ಯಾ, ಬಾಗಿಲ ಕಡೆ?"

"ನೋಡ್ದೆ."

"ಯಾರಿದ್ರು?"

ಅವನು ನನ್ನ ಮುಖ ನೋಡಿದ. ನನ್ನ ಭುಜಗಳನ್ನು, ಕೈಗಳನ್ನು ನೋಡಿದ, ಅಲ್ಲಿ ಕಂಡಿದ್ದಕ್ಕೆ ತಾಳೆ ಹಾಕುವಂತೆ. ಕಪ್ಪನ್ನು ಅಲ್ಲೇ ಬಿಟ್ಟು ಎದ್ದು ಹೋದ.

ಆಮೇಲೆ ನನ್ನ ಪರ್ಮಿಟ್ ಬಂತು. ಮಂಜು ಬೇರೆ ಕೆಲಸ ಹಿಡಿದು ಯೋನ್‌ಶೋಪಿಂಗ್ ಎಂಬ ಊರಿಗೆ ಹೋದ. ನಾನು ಇವತ್ತಿಗೂ ರೂಆನ್ ನೋಡಿಲ್ಲ... ಅಥವಾ ನೋಡಿದ್ದೇನೋ, ನನಗೆ ಗೊತ್ತಿಲ್ಲ. ಮೋಸ ಮಾಡಿದ್ದನ್ನು ಬೇಕಾದರೆ ಮರೆತೇನು. ಆದರೆ ಟ್ರೈನಿಂಗ್ ಅಂತ ಅಷ್ಟು ಸಲೀಸಾಗಿ ಸುಳ್ಳು ಹೇಳಿದವನು, 'ಬಾಗ್ಲಲ್ಲಿ ಯಾರೂ ಇರ್ಲಿಲ್ಲ' ಎಂಬ ಇನ್ನೊಂದು ಸಣ್ಣ ಸುಳ್ಳನ್ನು ಯಾಕೆ ಹೇಳಲಿಲ್ಲ? ಅದೊಂದನ್ನು ಹೇಳಿಬಿಟ್ಟಿದ್ದರೆ ನನಗೆ ರಾತ್ರಿ ನಿದ್ದೆಯಾದರೂ ಬರುತ್ತಿತ್ತು.