ಹನೂರು ಬಸ್ಸಿನಲ್ಲಿ ರಾಜ್ಯಶಾಸ್ತ್ರ

ರಾಜ್ಯಶಾಸ್ತ್ರಕ್ಕೆ ಟ್ಯೂಷನ್ ಬೇಕೆಂದು ಯಾರಾದರೂ ತನ್ನ ಮನೆ ಬಾಗಿಲಿಗೆ ಬಂದಾರೆಂದು ಜ್ಯೋತಿಲಕ್ಷ್ಮಿ ಕನಸಿನಲ್ಲೂ ಎಣಿಸಿರಲಿಲ್ಲ. ಕೊಳ್ಳೇಗಾಲದಲ್ಲಿ ಟ್ಯೂಷನ್ ಎಂದರೆ ಗಣಿತ, ಫಿಸಿಕ್ಸ್, ಕೆಮಿಸ್ಟ್ರಿ, ಹೆಚ್ಚೆಂದರೆ ಅಕೌಂಟೆನ್ಸಿ. ಆರ್ಟ್ಸ್ ಮಕ್ಕಳು ಪರೀಕ್ಷೆ ಹತ್ತಿರ ಬಂದಾಗ ಗೈಡು ಕೊಂಡು, ಉರು ಹೊಡೆದು, ಹೇಗೋ ದಾಟಿಕೊಳ್ಳುತ್ತಾರೆ. ಅವರಿಗೆ ಪಾಠ ಹೇಳುವವಳನ್ನು ಹುಡುಕಿಕೊಂಡು ಯಾರು ಬರಬೇಕು?

ಅವಳು ಅತಿಥಿ ಉಪನ್ಯಾಸಕಿ. ಬೆಳಗ್ಗೆ ಹನೂರಿನ ಪಿಯು ಕಾಲೇಜು, ಮಧ್ಯಾಹ್ನ ಯಳಂದೂರಿನ ಪಿಯು ಕಾಲೇಜು, ಮನೆ ಮಾತ್ರ ನಡುವಿನ ಕೊಳ್ಳೇಗಾಲದಲ್ಲಿ. ಮದುವೆಯಾದ ಮರುವರ್ಷ ಸೇರಿದ ಕೆಲಸ. ತಲೆಯಲ್ಲಿ ಬಿಳಿಗೂದಲು ಬಂದರೂ ಇನ್ನೂ ಅತಿಥಿಯೇ. ಪ್ರತಿ ಜೂನಿನಲ್ಲೂ ಹೊಸದಾಗಿ ಅರ್ಜಿ ಹಾಕಬೇಕು, ಪ್ರತಿ ಮಾರ್ಚಿನಲ್ಲೂ ಸುಮ್ಮನೆ ಹೊರಗೆ ಬರಬೇಕು. ಗಂಡ ಶಿವರಾಜು ರೇಷ್ಮೆ ಸೀರೆ ಅಂಗಡಿಯಲ್ಲಿ ದಿನವಿಡೀ ಸೀರೆ ಬಿಡಿಸಿ ಮಡಿಸಿ ಸೋತು ಬರುತ್ತಿದ್ದ. ಅವಳು ಬಸ್ಸು ಹತ್ತಿ ಇಳಿದು ಸೋತು ಬರುತ್ತಿದ್ದಳು. ಸೋತವರಿಬ್ಬರೂ ಊಟದ ಹೊತ್ತಿಗೆ ಹೆಚ್ಚು ಮಾತಾಡುತ್ತಿರಲಿಲ್ಲ. ಅತ್ತೆ ಶಿವರತ್ನಮ್ಮನದೊಂದೇ ಧ್ವನಿ ಆ ಮನೆಯಲ್ಲಿ.

ಡಿಸೆಂಬರಿನ ಒಂದು ಭಾನುವಾರ ಬಟ್ಟೆ ಒಗೆದು ಹಿಂಡುತ್ತಿದ್ದಾಗ ಗೇಟಿನ ಹತ್ತಿರ ಒಬ್ಬ ಗಂಡಸು, ಅವನ ಹಿಂದೆ ಉದ್ದ ಜಡೆಯ ಹುಡುಗಿ ಬಂದು ನಿಂತರು. ಲೊಕ್ಕನಹಳ್ಳಿಯ ರಂಗನಾಯಕ, ಅವನ ಮಗಳು ದೀಪ. ಹನೂರು ಕಾಲೇಜಿನ ಜವಾನ ಕೊಟ್ಟ ಗುರುತು ಹಿಡಿದು ಬಂದಿದ್ದರು.

"ನಮ್ ಮಗೀಗೆ ಒಸಿ ಪಾಠ ಏಳ್ಕೊಡ್ಬೇಕು ಮೇಡಮ್ಮೋರೆ," ಎಂದ ರಂಗನಾಯಕ, ಒಳಗೆ ಕರೆದರೂ ಬಾರದೆ. "ಕೊಳ್ಳೇಗಾಲದಲ್ಲಿ ಇರೋ ಟ್ಯೂಷನ್ನೆಲ್ಲಾ ಸುತ್ತಾಕಂಡು ಬಂದ್ವಿ. ರಾಜ್ಯಶಾಸ್ತ್ರ ಅಂದೇಟ್ಗೆ ನಗ್ತಾರೆ. ಅದ್ಕೂ ಟ್ಯೂಷನ್ನಾ ಅಂತಾರೆ."

"ಯಾವ ಕಾಲೇಜು?" ಎಂದಳು ಜ್ಯೋತಿಲಕ್ಷ್ಮಿ.

ಕಾಲೇಜಲ್ಲ, ಮೈಸೂರಿನ ಆಚೆ ಒಂದು ದೊಡ್ಡ ವಸತಿ ಶಾಲೆ. ಶ್ರೀಮಂತರ ಮಕ್ಕಳು ಓದುವಂಥದ್ದು. ಹಳ್ಳಿ ಮಕ್ಕಳಿಗೆಂದು ಅವರು ಇಟ್ಟ ಪರೀಕ್ಷೆಯಲ್ಲಿ ದೀಪ ಗೆದ್ದು, ಎಂಟನೇ ತರಗತಿಯಿಂದ ಅಲ್ಲೇ ಪುಕ್ಕಟೆ ಓದುತ್ತಿದ್ದಳು. ಈಗ ಹನ್ನೆರಡನೆಯದು, ಹೊರದೇಶದ ಸಿಲಬಸ್ಸು. ಅದರಲ್ಲಿ ತೌಲನಿಕ ರಾಜಕೀಯ ಎಂಬ ದೊಡ್ಡ ಪೇಪರ್ರು: ಬ್ರಿಟನ್, ರಷ್ಯಾ, ಚೀನಾ, ಇರಾನ್, ಮೆಕ್ಸಿಕೋ, ನೈಜೀರಿಯಾ. ಆರು ದೇಶಗಳ ಸರ್ಕಾರಗಳನ್ನು ಒಂದರ ಪಕ್ಕ ಒಂದಿಟ್ಟು ನೋಡಬೇಕು. ಮೇ ತಿಂಗಳಲ್ಲಿ ಪರೀಕ್ಷೆ. ಕ್ಲಾಸಿನ ಉಳಿದ ಮಕ್ಕಳಿಗೆಲ್ಲ ಕಂಪ್ಯೂಟರಿನಲ್ಲಿ ಪಾಠ ಹೇಳುವ ಮೇಷ್ಟ್ರುಗಳಿದ್ದರು. ಅವಳಿಗೆ ಯಾರೂ ಇರಲಿಲ್ಲ.

ಜ್ಯೋತಿಲಕ್ಷ್ಮಿ ಪುಸ್ತಕ ತೆರೆದು ನೋಡಿದಳು. ಇಟ್ಟಿಗೆ ಗಾತ್ರದ ಇಂಗ್ಲಿಷ್ ಪುಸ್ತಕ. ಕೈಯ ನೀರು ತಾಗಿ ಹಾಳೆಯ ಅಂಚು ಒದ್ದೆಯಾಯಿತು.

"ನನಗೆ ಆಗಲ್ಲಪ್ಪ," ಎಂದಳು. "ನಾನು ಹೇಳೋದು ಕನ್ನಡ ಮೀಡಿಯಮ್ಮಿನ ಪಾಠ. ಅದಕ್ಕೇ ಹೊತ್ತು ಸಾಲ್ತಿಲ್ಲ. ಬೆಳಗ್ಗೆ ಹೋದರೆ ಸಂಜೆ ಮನೆ. ಯಾವಾಗ ಹೇಳಿಕೊಡಲಿ?"

ರಂಗನಾಯಕ ತಲೆ ತಗ್ಗಿಸಿದ. ಅಪ್ಪನ ಹಿಂದಿನಿಂದ ಮುಂದೆ ಬಂದ ದೀಪ, "ಬಸ್ಸಲ್ಲಿ ಹೇಳಿ ಮೇಡಂ," ಎಂದಳು. "ನೀವು ಹನೂರಲ್ಲಿ ಕ್ಲಾಸ್ ಮುಗಿಸಿ ಬಸ್ ಹತ್ತುತೀರಲ್ಲ, ನಾನೂ ಹತ್ತುತೀನಿ. ರಜೆ ಮುಗಿಯೋವರೆಗೂ ಬರ್ತೀನಿ. ಹೆಂಗೂ ಹೆಂಗಸರಿಗೆ ಟಿಕೆಟ್ ಫ್ರೀ."

ಜ್ಯೋತಿಲಕ್ಷ್ಮಿ ಕೈಯನ್ನು ಸೆರಗಿಗೆ ಒರೆಸಿಕೊಂಡು, ತಾನು ಹತ್ತುವ ಬಸ್ಸಿನ ಹೊತ್ತು ಹೇಳಿದಳು.

ಮರುದಿನದಿಂದ ಪಾಠ ಶುರುವಾಯಿತು. ದೀಪ ಲೊಕ್ಕನಹಳ್ಳಿಯಿಂದ ಹನೂರಿಗೆ ಬಂದು ಬಸ್‌ಸ್ಟ್ಯಾಂಡಿನ ಕಟ್ಟೆಯ ಮೇಲೆ ಕಾಯುತ್ತಿದ್ದಳು. ಜ್ಯೋತಿಲಕ್ಷ್ಮಿ ಕಾಲೇಜಿನಿಂದ ಬಂದೊಡನೆ ಇಬ್ಬರೂ ಕೊಳ್ಳೇಗಾಲದ ಬಸ್ಸು ಹಿಡಿಯುವುದು, ಅಲ್ಲಿಳಿದು ಯಳಂದೂರಿನ ಬಸ್ಸು ಹಿಡಿಯುವುದು. ಯಳಂದೂರಿನಲ್ಲಿ ಜ್ಯೋತಿಲಕ್ಷ್ಮಿ ಕ್ಲಾಸಿಗೆ ಹೋದರೆ ಹುಡುಗಿ ಬಂದ ದಾರಿಯಲ್ಲೇ ಹಿಂತಿರುಗುವಳು. ಸೀಟು ಸಿಕ್ಕರೆ ಪುಸ್ತಕ ತೊಡೆಯ ಮೇಲೆ. ಸಿಗದಿದ್ದರೆ ಕಂಬಿ ಹಿಡಿದು ನಿಂತೇ ಬ್ರಿಟನ್ನಿನ ಪಾರ್ಲಿಮೆಂಟು. ಅಮಾವಾಸ್ಯೆ ದಿನ ಬೆಟ್ಟದ ದೇವಸ್ಥಾನದಿಂದ ಇಳಿದ ಬಸ್ಸಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಮುಡಿ ಕೊಟ್ಟ ತಲೆಗಳು, ವಿಭೂತಿ, ಪ್ರಸಾದದ ಚೀಲ. ಅದರ ನಡುವೆ ದೀಪ ಬಾಗಿಲ ಬಳಿ, ಜ್ಯೋತಿಲಕ್ಷ್ಮಿ ಡ್ರೈವರ್ ಹಿಂದೆ. ಅಂದು ಪಾಠ ತಪ್ಪಿತಲ್ಲ ಎಂದು ಜ್ಯೋತಿಲಕ್ಷ್ಮಿಗೆ ಒಳಗೊಳಗೇ ಹಾಯೆನಿಸಿತು. ಹಾಗೆನಿಸಿದ್ದಕ್ಕೆ ನಾಚಿಕೆಯೂ ಆಯಿತು.

ಹುಡುಗಿ ದಡ್ಡಿಯಲ್ಲ. ಕೇಳಿದ್ದಕ್ಕೆಲ್ಲ ಪಟಪಟನೆ ಉತ್ತರ ಕೊಡುತ್ತಿದ್ದಳು. ಚೀನಾ ಎಂದರೆ ಚೀನಾ, ಮೆಕ್ಸಿಕೋ ಎಂದರೆ ಮೆಕ್ಸಿಕೋ. ಆದರೆ ಎರಡನ್ನೂ ಹೋಲಿಸು ಎಂದರೆ ಮೊದಲು ಒಂದನ್ನು ಪೂರ್ತಿ ಹೇಳಿ, ಆಮೇಲೆ ಇನ್ನೊಂದನ್ನು ಪೂರ್ತಿ ಹೇಳಿ ಸುಮ್ಮನಾಗುವಳು. ಶಾಲೆಯ ಮೇಷ್ಟ್ರು ಅವಳ ಉತ್ತರದ ಕೆಳಗೆ, ನೀನು ಎರಡು ಪ್ರಬಂಧ ಬರೆದಿದ್ದೀಯ, ಹೋಲಿಕೆ ಎಲ್ಲಿ ಎಂದು ಬರೆದಿದ್ದರು.

ಅದನ್ನು ಓದಿದಾಗ ಜ್ಯೋತಿಲಕ್ಷ್ಮಿಗೆ ಬೈದದ್ದು ತನಗೇ ಎನ್ನಿಸಿತು. ತಾನೂ ಇಷ್ಟು ವರ್ಷ ಹೇಳಿದ್ದು ಹೀಗೆಯೇ. ಬ್ರಿಟನ್ನಿನ ಲಕ್ಷಣಗಳು, ಅಮೆರಿಕದ ಲಕ್ಷಣಗಳು. ನೋಟ್ಸ್ ಬರೆಸುವುದು, ಮಕ್ಕಳು ಬರೆದುಕೊಳ್ಳುವುದು, ಗಂಟೆ ಹೊಡೆಯುವುದು. ಯಾಕೆ ಒಂದು ಕಡೆ ಹಾಗಾಯಿತು, ಇನ್ನೊಂದು ಕಡೆ ಯಾಕಾಗಲಿಲ್ಲ ಎಂದು ಅವಳನ್ನು ಯಾರೂ ಕೇಳಿರಲಿಲ್ಲ. ಅವಳೂ ಕೇಳಿಕೊಂಡಿರಲಿಲ್ಲ.

ದಣಿವಿನಲ್ಲಿ ಒಂದು ಎಡವಟ್ಟೂ ಆಯಿತು. ಇರಾನಿನ ಪಾಠದ ದಿನ ಅವಳಿಗೆ ಜ್ವರ ಬಂದಂತಿತ್ತು, ಪುಸ್ತಕ ತೆರೆಯುವ ತ್ರಾಣವಿರಲಿಲ್ಲ. "ಅಲ್ಲಿ ಜನ ಓಟು ಹಾಕಿ ರಾಷ್ಟ್ರಾಧ್ಯಕ್ಷನನ್ನ ಆರಿಸ್ತಾರೆ, ಅವನೇ ಎಲ್ಲರಿಗಿಂತ ಮೇಲೆ," ಎಂದುಬಿಟ್ಟಳು. ದೀಪ ಪುಸ್ತಕದಲ್ಲಿ ಬೇರೆ ಓದಿದ್ದರೂ, ಮೇಡಂ ಹೇಳಿದ್ದೇ ಸರಿಯಿರಬೇಕೆಂದು ಹಾಗೇ ಬರೆದು ಫೋನಿನಲ್ಲಿ ಶಾಲೆಗೆ ಕಳಿಸಿದಳು. ಎರಡು ದಿನದ ಮೇಲೆ ಅದು ಕೆಂಪು ಗೀಟು ಹೊತ್ತು ಹಿಂದಕ್ಕೆ ಬಂತು.

ಅಂದು ಹುಡುಗಿ ಬಸ್ಸಿನಲ್ಲಿ ಪುಸ್ತಕವನ್ನು ಚೀಲದಿಂದ ಹೊರಗೆ ತೆಗೆಯಲಿಲ್ಲ. ಏನೆಂದು ಒತ್ತಿ ಕೇಳಿದ ಮೇಲೆ ಫೋನು ತೋರಿಸಿದಳು.

"ನಾನೇ ತಪ್ಪು ಹೇಳಿದ್ದು ಕಣಮ್ಮ," ಎಂದಳು ಜ್ಯೋತಿಲಕ್ಷ್ಮಿ. "ಪುಸ್ತಕದಲ್ಲಿ ಬೇರೆ ಇದ್ದಾಗ ನೀನು ಕೇಳಬೇಕಿತ್ತು."

"ಕೇಳಿದ್ರೆ ನೀವು ಬೇಜಾರು ಮಾಡ್ಕೊಂಡು ಪಾಠ ನಿಲ್ಲಿಸಿಬಿಟ್ರೆ?" ಎಂದಳು ದೀಪ, ಕಿಟಕಿಯ ಕಡೆ ನೋಡುತ್ತಾ.

ಜ್ಯೋತಿಲಕ್ಷ್ಮಿ ಅವಳ ಪುಸ್ತಕ ಈಸಿಕೊಂಡು, ಇರಾನ್ ಅಧ್ಯಾಯದ ಹಾಳೆಗಳನ್ನೆಲ್ಲ ತನ್ನ ಫೋನಿನಲ್ಲಿ ಫೋಟೋ ತೆಗೆದುಕೊಂಡಳು. ಸಂಜೆ ಮನೆಗೆ ಬಂದವಳೇ ಅವನ್ನು ದೊಡ್ಡದು ಮಾಡಿಕೊಂಡು, ನಿಘಂಟು ಪಕ್ಕದಲ್ಲಿಟ್ಟು ಓದಿದಳು. "ಬಂದೋಳು ಒಂದ್ ಲೋಟ ಕಾಪಿ ಕಾಸ್ಬಾರ್ದಾ?" ಎಂದು ಅತ್ತೆ ಗೊಣಗಿದರು. ಶಿವರಾಜು ತಾನೇ ಎದ್ದು ಹಾಲು ಒಲೆಗಿಟ್ಟ.

ಮರುದಿನ ಬಸ್ಸಿನಲ್ಲಿ ಅವಳು ಪುಸ್ತಕ ತೆರೆಸಲಿಲ್ಲ.

"ನಿಮ್ಮನೇಲಿ ಯಜಮಾನ ಯಾರು?"

"ಅಪ್ಪ."

"ರಾಗಿ ಯಾವಾಗ ಕುಯ್ಯಬೇಕು, ಹಸು ಮಾರಬೇಕೋ ಬೇಡವೋ, ಎಲ್ಲ ಅಪ್ಪನೇ ಹೇಳೋದಾ?"

"ಹೂಂ. ಆದ್ರೆ ಅಜ್ಜಿ ಬ್ಯಾಡ ಅಂದ್ರೆ ಇಲ್ಲ. ನಾನು ಈ ಸ್ಕೂಲಿಗೆ ಸೇರೋದು ಅಪ್ಪಂಗೆ ಇಷ್ಟ ಇತ್ತು. ಗುರುಸಿದ್ದಮ್ಮಜ್ಜಿ ಒಪ್ಪೋವರೆಗೂ ಅಪ್ಪ ಬಾಯಿ ಬಿಡಲಿಲ್ಲ."

"ಅಜ್ಜಿ ಮೇಲೆ?"

"ಅಜ್ಜಿ ಮೇಲೆ ಯಾರಿದಾರೆ?" ಎಂದು ನಕ್ಕ ದೀಪಳಿಗೆ ತಟ್ಟನೆ ಹೊಳೆಯಿತು. "ಅಜ್ಜೀನ ಯಾರೂ ಓಟು ಹಾಕಿ ಆರಿಸಿಲ್ಲ."

"ಸರಿ. ಈಗ ಇರಾನಲ್ಲಿ ರಾಷ್ಟ್ರಾಧ್ಯಕ್ಷ ಯಾರು, ಸರ್ವೋಚ್ಚ ನಾಯಕ ಯಾರು, ನೀನೇ ಹೇಳು. ನಿಮ್ಮನೆಗೂ ಅದಕ್ಕೂ ಹೊಂದದೇ ಇರೋದು ಏನು, ಅದನ್ನೂ ಹೇಳು."

ಹುಡುಗಿ ಹೇಳತೊಡಗಿದಳು. ರಾಷ್ಟ್ರಾಧ್ಯಕ್ಷ ಅಪ್ಪನ ಹಾಗೆ, ಜನ ನೇರವಾಗಿ ಆರಿಸದ ಸರ್ವೋಚ್ಚ ನಾಯಕ ಅಜ್ಜಿಯ ಹಾಗೆ ಎಲ್ಲರಿಗಿಂತ ಮೇಲೆ. ಆದರೆ ಅಪ್ಪ ಅಜ್ಜಿಗೆ ಹೆದರಿ ಸುಮ್ಮನಾಗುವುದಲ್ಲ, ಅಜ್ಜಿ ಹೇಳಿದ್ದು ಒಳ್ಳೆಯದೇ ಇರುತ್ತದೆಂದು ನಂಬಿ ಸುಮ್ಮನಾಗುವುದು. ಹೆದರಿಕೆ ಬೇರೆ, ನಂಬಿಕೆ ಬೇರೆ. ದೇಶದಲ್ಲಿ ಅವೆರಡನ್ನೂ ಬೇರೆ ಮಾಡುವುದು ಹೇಗೆ? ಅಲ್ಲಿಂದ ಚೀನಾಕ್ಕೆ ಹೋದಳು, ಅಲ್ಲಿಂದ ರಷ್ಯಾಕ್ಕೆ. ಮುಂದಿನ ಸೀಟಿನ ಹೆಂಗಸು ತಿರುಗಿ ತಿರುಗಿ ನೋಡಿದಳು. ಯಳಂದೂರಿನ ಬಸ್ಸು ಹತ್ತಿದ ಮೇಲೂ ಮಾತು ಮುಗಿದಿರಲಿಲ್ಲ.

"ನಿಮ್ಮನೇಲಿ ಯಾರು ಮೇಡಂ?" ಎಂದು ಕೊನೆಗೆ ಕೇಳಿದಳು.

ಜ್ಯೋತಿಲಕ್ಷ್ಮಿ ಯೋಚಿಸಿದಳು. ಅತ್ತೆ ಗೊಣಗುತ್ತಾರೆ, ಗಂಡ ನೋಡೋಣ ಎನ್ನುತ್ತಾನೆ, ತಾನು ಆಮೇಲೆ ಎನ್ನುತ್ತೇನೆ. "ನಮ್ಮನೇಲಿ ಯಾರೂ ತೀರ್ಮಾನ ಮಾಡಲ್ಲ," ಎಂದಳು. "ಎಲ್ಲಾ ಮುಂದಕ್ಕೆ ಹೋಗುತ್ತೆ."

ಸಂಕ್ರಾಂತಿಗೆ ಮುಂಚೆ ದೀಪ ಶಾಲೆಗೆ ಹೊರಟಳು. ಭಾನುವಾರ ಮಧ್ಯಾಹ್ನ ಮಾತ್ರ ಹಾಸ್ಟೆಲಿನಲ್ಲಿ ಫೋನು ಕೊಡುತ್ತಿದ್ದರು, ಆಗ ಮಾತಾಡುವುದೆಂದಾಯಿತು. ಅವಳು ಹೋದ ವಾರವೇ ಯಳಂದೂರಿಗೆ ಖಾಯಂ ಉಪನ್ಯಾಸಕರೊಬ್ಬರು ವರ್ಗವಾಗಿ ಬಂದರು. ಪ್ರಿನ್ಸಿಪಾಲರು ಜ್ಯೋತಿಲಕ್ಷ್ಮಿಯನ್ನು ಕರೆದು ಕೂರಿಸಿ, ಟೀ ತರಿಸಿ, ನಾಳೆಯಿಂದ ಬರಬೇಕಾಗಿಲ್ಲವೆಂದರು. ಅವರದೇನೂ ತಪ್ಪಿರಲಿಲ್ಲ. ಬಂದವರದೂ ಇರಲಿಲ್ಲ. ಅವಳು ಟೀ ಕುಡಿದು, ಸೆಕೆಂಡ್ ಪಿಯು ಮಕ್ಕಳಿಗೆ ಯಾವ ಅಧ್ಯಾಯ ಬಾಕಿಯಿದೆಯೆಂದು ಬರೆದುಕೊಟ್ಟು ಬಂದಳು.

ಮಧ್ಯಾಹ್ನಗಳು ಬಿಡುವಾದವು. ಇಷ್ಟು ವರ್ಷ ಬಯಸಿದ ಬಿಡುವೇ. ಆದರೆ ಮನೆಯಲ್ಲಿ ಕೂತರೆ ಮೈಯ ನೋವೆಲ್ಲ ಒಮ್ಮೆಗೇ ಏಳುತ್ತಿತ್ತು. ಹಾಗಾಗಿ ದೀಪ ಹೋಗುವ ಮುಂಚೆ ಫೋನಿಗೆ ಕಳಿಸಿದ್ದ ಪುಸ್ತಕದ ಹಾಳೆಗಳನ್ನು ಓದಲು ಹಿಡಿದಳು. ನೈಜೀರಿಯಾ ಮುಗಿಸಿದಳು, ಮೆಕ್ಸಿಕೋ ಮುಗಿಸಿದಳು. ಭಾನುವಾರ ದೀಪ ಕರೆ ಮಾಡಿದಾಗ, "ತೈಲ ಇರೋ ಎರಡು ದೇಶ ತಗೊ. ಒಂದರಲ್ಲಿ ದುಡ್ಡು ಸರ್ಕಾರದ ಕೈಗೆ ಹೆಂಗೆ ಬರುತ್ತೆ, ಇನ್ನೊಂದರಲ್ಲಿ ಹೆಂಗೆ?" ಎಂದು ಕೇಳುವಳು. ಗೊತ್ತಿಲ್ಲದ್ದನ್ನು ಗೊತ್ತಿಲ್ಲವೆನ್ನುವಳು. ಆ ಕಡೆಯಿಂದ ದೀಪ, "ಮೇಡಂ, ಅದು ಹಂಗಲ್ಲ ಅನ್ಸುತ್ತೆ," ಎಂದು ಧೈರ್ಯವಾಗಿ ಹೇಳುವಳು. ವಾರದಲ್ಲಿ ಅದೊಂದು ಗಂಟೆ ಜ್ಯೋತಿಲಕ್ಷ್ಮಿಗೆ ಕಾಲುನೋವು ನೆನಪಾಗುತ್ತಿರಲಿಲ್ಲ.

ಮೇ ತಿಂಗಳಲ್ಲಿ ಪರೀಕ್ಷೆ ಮುಗಿಯಿತು. ಜೂನಿನಲ್ಲಿ ಜ್ಯೋತಿಲಕ್ಷ್ಮಿ ಮತ್ತೆ ಅರ್ಜಿ ಹಾಕಿದಳು. ಹನೂರು ಸಿಕ್ಕಿತು, ಯಳಂದೂರು ಇಲ್ಲ.

ಜುಲೈನ ಒಂದು ಮಧ್ಯಾಹ್ನ ರಂಗನಾಯಕ ಒಬ್ಬನೇ ಬಂದ. ಕಣ್ಣು ಕೆಂಪಗೆ, ಮುಖ ಬಾಡಿತ್ತು. ಈ ಸಲ ಕರೆದೊಡನೆ ಒಳಗೆ ಬಂದು ಕುರ್ಚಿಯ ತುದಿಯಲ್ಲಿ ಕೂತ.

"ರಿಸಲ್ಟ್ ಬಂತು ಮೇಡಮ್ಮೋರೆ. ಐದಕ್ಕೆ ಮೂರಂತೆ." ಟವೆಲಿನಿಂದ ಮುಖ ಒರೆಸಿಕೊಂಡು, "ಮೂರಂದ್ರೆ ಪಾಸಾ?" ಎಂದ.

"ಪಾಸು. ಎಷ್ಟೋ ಕಾಲೇಜಲ್ಲಿ ಒಪ್ಕೋತಾರೆ."

"ಅವಳ ಜೊತೆ ಮಕ್ಳಿಗೆ ನಾಕು, ಐದು ಬಂದದಂತೆ. ಅಳ್ತಿದ್ಲು ಕನಾ. ಆಮೇಲೆ ಅವಳೇ ಅಂದ್ಲು, ಓಲಿಕೆ ಪ್ರಶ್ನೇಲಿ ನಂಗೇ ಜಾಸ್ತಿ ಬಂದಿರ್ತದೆ ಅಪ್ಪ, ಬಾಕೀದ್ರಲ್ಲೇ ಓಗಿರೋದು ಅಂತ. ನಂಗೇನ್ ಗೊತ್ತಾಯ್ತದೆ? ಮೈಸೂರಲ್ಲೇ ಬಿಎ ಸೇರ್ತಾಳಂತೆ, ಇದೇ ಸಬ್ಜೆಕ್ಟು. ನಿಮ್ಗೆ ಏಳ್ಬುಟ್ಟು ಬಾ ಅಂದ್ಲು, ಬಂದೆ."

ನಾಲ್ಕು ಬರಬಹುದಿತ್ತು ಎಂದು ಜ್ಯೋತಿಲಕ್ಷ್ಮಿಯ ಮನಸ್ಸು ಲೆಕ್ಕ ಹಾಕಿತು. ಮೊದಲ ದಿನದಿಂದಲೇ ತಾನು ಓದಿಕೊಂಡು ಹೋಗಿದ್ದರೆ. ಚೆನ್ನಾಗಿ ಬಲ್ಲವರು ಸಿಕ್ಕಿದ್ದರೆ. ಅದನ್ನೆಲ್ಲ ಇವನ ಮುಂದೆ ಹೇಳಿ ಆಗಬೇಕಾದ್ದೇನು?

"ಊಟ ಮಾಡಿದ್ರಾ?" ಎಂದಳು.

"ಆಯ್ತು ಬುಡಿ. ಜ್ವಾಳಕ್ಕೆ ಆನೆ ಇಳೀತಾವೆ. ರಾತ್ರೆಲ್ಲಾ ಅಟ್ಟಣೆ ಮ್ಯಾಲೆ ಕಾವ್ಲು ಕೂತಿದ್ದು ಅಂಗೇ ಬಸ್ ಅತ್ತಿದ್ದು."

ಅವಳು ಒಳಗೆ ಹೋಗಿ ಅನ್ನ, ಸಾರು ಬಿಸಿ ಮಾಡಿ ತಟ್ಟೆ ತಂದಳು. ಅಷ್ಟರಲ್ಲಿ ರಂಗನಾಯಕ ಕುರ್ಚಿಗೊರಗಿ, ಬಾಯಿ ತುಸು ತೆರೆದು ನಿದ್ದೆ ಹೋಗಿದ್ದ. ಎಬ್ಬಿಸಲು ಮನಸ್ಸಾಗಲಿಲ್ಲ. ಶಿವರತ್ನಮ್ಮ ಕೋಣೆಯಿಂದ ಇಣುಕಿ, "ಯಾರವ್ವಾ ಅದು?" ಎಂದರು. ಅವಳು ತುಟಿಯ ಮೇಲೆ ಬೆರಳಿಟ್ಟಳು. ತಟ್ಟೆಗೆ ಇನ್ನೊಂದು ತಟ್ಟೆ ಮುಚ್ಚಿ, ಎದುರಿನ ಗೋಡೆಗೆ ಬೆನ್ನು ಕೊಟ್ಟು ನೆಲದ ಮೇಲೆ ಕಾಲು ಚಾಚಿ ಕೂತಳು. ಅವನಾಗಿ ಏಳುವವರೆಗೆ ಮಲಗಿರಲಿ ಎಂದುಕೊಂಡಳು.